ಫೆರಿಟಿನ್ ಒಳಗಿನ ಕಬ್ಬಿಣ ಹೊರಗೆ ಬರುವುದು ಹೇಗೆ?

ಪ್ರಶ್ನೆ
ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 12.6, ಸರಿಯಾಗಿಯೇ ಇದೆ. ಫೆರಿಟಿನ್ ಮಾತ್ರ 9. ಕಬ್ಬಿಣದ ದಾಸ್ತಾನು ಖಾಲಿಯಾಗಿದೆ, ಮೆಟ್ಟಿಲು ಹತ್ತುವಾಗ ಸುಸ್ತಾಗುವುದು ಅದಕ್ಕೇ ಇರಬಹುದು ಎಂದರು ಡಾಕ್ಟರ್. ಮಾತ್ರೆ ಶುರು ಮಾಡಿದ್ದೇನೆ. ಆಮೇಲೆ ಓದುತ್ತಾ ಕೂತೆ. ಫೆರಿಟಿನ್ ಒಂದು ಟೊಳ್ಳು ಚೆಂಡಿನಂಥ ಪ್ರೋಟೀನ್, ಒಳಗೆ ಸುಮಾರು 4500 ಕಬ್ಬಿಣದ ಪರಮಾಣುಗಳು ಹಿಡಿಸುತ್ತವಂತೆ. ಆದರೆ ಎಲ್ಲಿ ನೋಡಿದರೂ ‘ಬೇಕಾದಾಗ ಬಿಡುಗಡೆ ಮಾಡುತ್ತದೆ’ ಅಂತ ಒಂದೇ ಸಾಲು. ಬೇಕು ಅಂತ ಅದಕ್ಕೆ ಗೊತ್ತಾಗುವುದು ಹೇಗೆ? ಬಾಗಿಲು ಎಲ್ಲಿದೆ?

ಉತ್ತರ 1
ಚೆಂಡಿನ ಗೋಡೆಯಲ್ಲಿ ಸಣ್ಣ ಕಿಂಡಿಗಳಿವೆ. ಹೋಗುವುದೂ ಅಲ್ಲೇ, ಬರುವುದೂ ಅಲ್ಲೇ ಅಂತ ಕಾಲೇಜಿನಲ್ಲಿ ಓದಿದ ನೆನಪು.

ಉತ್ತರ 2
ಒಳಗೆ ಹೋಗುವುದಕ್ಕೆ ಕಿಂಡಿ, ನಿಜ. ಹೊರಗೆ ಬರುವ ಕಥೆ ಬೇರೆ.

ಎಂ.ಎಸ್ಸಿ. ಪ್ರಾಜೆಕ್ಟಿಗೆ ಆರು ತಿಂಗಳು ಈ ಪ್ರೋಟೀನಿನ ಜೊತೆಗೇ ಇದ್ದೆ. ಲಿವರ್ ಅರೆದ ದ್ರಾವಣವನ್ನು 70 ಡಿಗ್ರಿಗೆ ಕಾಯಿಸಿದರೆ ಹೆಚ್ಚಿನ ಪ್ರೋಟೀನುಗಳು ಬೆಂದ ಮೊಟ್ಟೆಯ ಹಾಗೆ ಗಟ್ಟಿಯಾಗುತ್ತವೆ. ಫೆರಿಟಿನ್‌ಗೆ ಏನೂ ಆಗುವುದಿಲ್ಲ, ಮೇಲಿನ ಕಂದು ನೀರಿನಲ್ಲಿ ಹಾಗೇ ಉಳಿಯುತ್ತದೆ. 24 ತುಂಡುಗಳು ಸೇರಿ ಆದ ಗೋಡೆ ಅಷ್ಟು ಭದ್ರ. ಮೊದಲ ಸಲ ಆ ಕಂದು ಬಣ್ಣ ನೋಡಿದಾಗ ಆದ ಖುಷಿ ಇನ್ನೂ ನೆನಪಿದೆ. ಅದು ಒಳಗಿನ ಕಬ್ಬಿಣದ ಬಣ್ಣ. ಫೆರಸ್ (ನೀರಿನಲ್ಲಿ ಕರಗುವ ರೂಪ) ಆಗಿ ಒಳಗೆ ಹೋದ ಕಬ್ಬಿಣ ಅಲ್ಲಿ ಫೆರಿಕ್ (ಸುಲಭವಾಗಿ ಕರಗದ ರೂಪ) ಆಗಿ, ತುಕ್ಕಿನಂಥ ಖನಿಜವಾಗಿ ಕೂರುತ್ತದೆ. ಥಯೋಗ್ಲೈಕಾಲಿಕ್ ಆಮ್ಲ ಹಾಕಿದರೆ ಅದು ಮತ್ತೆ ಫೆರಸ್ ಆಗಿ ನಿಧಾನಕ್ಕೆ ಸೋರಿಹೋಗುತ್ತದೆ. ಬಣ್ಣ ಹೋಗಿ ಖಾಲಿ ಚೆಂಡು ಉಳಿಯುತ್ತದೆ. ಹಾಗಾಗಿ ಮೇಲಿನವರು ಹೇಳಿದ್ದು ಪ್ರಯೋಗಾಲಯದ ಮಟ್ಟಿಗೆ ಸರಿ.

ಜೀವಕೋಶ ಹೆಚ್ಚಾಗಿ ಮಾಡುವುದೇ ಬೇರೆ. ಚೆಂಡನ್ನೇ ಒಡೆದುಹಾಕುತ್ತದೆ! ಎನ್‌ಸಿಒಎ4 ಎಂಬ ಇನ್ನೊಂದು ಪ್ರೋಟೀನ್ ಫೆರಿಟಿನ್ ಅನ್ನು ಹಿಡಿದು ಲೈಸೊಸೋಮಿಗೆ, ಅಂದರೆ ಕೋಶದೊಳಗಿನ ಜೀರ್ಣಚೀಲಕ್ಕೆ, ಒಪ್ಪಿಸುತ್ತದೆ. ಅಲ್ಲಿ ಗೋಡೆ ಜೀರ್ಣವಾಗಿ ಕಬ್ಬಿಣ ಹೊರಬರುತ್ತದೆ. ಲಾಫ್‌ಬರ್ಗರ್ ಎಂಬ ವಿಜ್ಞಾನಿ ಕುದುರೆಯ ಗುಲ್ಮದಿಂದ ಫೆರಿಟಿನ್ ಬೇರ್ಪಡಿಸಿದ್ದು 1937ರಲ್ಲಿ. ಎನ್‌ಸಿಒಎ4ರ ಈ ಕೆಲಸ ಗೊತ್ತಾಗಿದ್ದು 2014ರಲ್ಲಿ.

ನಿಮ್ಮ ‘ಬೇಕು ಅಂತ ಗೊತ್ತಾಗುವುದು ಹೇಗೆ’ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಕೋಶದಲ್ಲಿ ಕಬ್ಬಿಣ ಜಾಸ್ತಿ ಇದ್ದರೆ ಎನ್‌ಸಿಒಎ4 ನಾಶವಾಗುತ್ತದೆ. ಕಡಿಮೆಯಾದರೆ ಅದು ಉಳಿದುಕೊಂಡು ಕೆಲಸಕ್ಕೆ ಇಳಿಯುತ್ತದೆ. ಫೆರಿಟಿನ್‌ಗೆ ಏನೂ ಗೊತ್ತಾಗಬೇಕಿಲ್ಲ.

ಪ್ರಶ್ನೆ ಕೇಳಿದವರು
ಚೆನ್ನಾಗಿ ಬಿಡಿಸಿ ಹೇಳಿದಿರಿ, ತುಂಬಾ ಥ್ಯಾಂಕ್ಸ್. ಇನ್ನೊಂದು ಕೇಳ್ತೀನಿ. ಎರಡು ವರ್ಷದ ಹಿಂದೆ ಜ್ವರ ಬಂದಾಗ ಇದೇ ಫೆರಿಟಿನ್ 85 ಇತ್ತು. ಆಗ ದಾಸ್ತಾನು ತುಂಬಿತ್ತು ಅಂತ ತಾನೇ ಅರ್ಥ?

ಉತ್ತರ 2
ಹಾಗೆ ಹೇಳಲು ಬರುವುದಿಲ್ಲ. ಸೋಂಕು, ಉರಿಯೂತ ಇದ್ದಾಗ ರಕ್ತದಲ್ಲಿ ಫೆರಿಟಿನ್ ಏರುತ್ತದೆ. ಬ್ಯಾಕ್ಟೀರಿಯಾಗಳಿಗೂ ಕಬ್ಬಿಣ ಬೇಕಲ್ವಾ, ಅವಕ್ಕೆ ಸಿಗದ ಹಾಗೆ ದೇಹ ಅದನ್ನು ಕೋಶಗಳ ಒಳಗೇ ಮುಚ್ಚಿಡುತ್ತದೆ. ಆಗಲೂ ದಾಸ್ತಾನು ಕಡಿಮೆಯೇ ಇದ್ದಿರಬಹುದು. ಈಗಿನ 9ರಲ್ಲಿ ಆ ಗೊಂದಲ ಇಲ್ಲ, ಅಷ್ಟು ಕೆಳಗಿದ್ದರೆ ಕೊರತೆಯೇ. ಮುಂದಿನ ಪರೀಕ್ಷೆಯನ್ನು ಜ್ವರ, ನೆಗಡಿ ಇಲ್ಲದ ದಿನ ಮಾಡಿಸಿ. ಜ್ವರ ಇದ್ದಾಗಲೇ ಮಾಡಿಸಬೇಕಾಗಿ ಬಂದರೆ ಡಾಕ್ಟರಿಗೆ ಮೊದಲೇ ಹೇಳಿಬಿಡಿ.