‘ರೂಸಿ ದತ್ ತೊನ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಬ್ಯಾಂಕಾಕ್ ನೋಡಲು ಹೋಗುವ ಕನ್ನಡಿಗರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಈಗ ಆಟ ಮತ್ತು ಕಸರತ್ತಿನ ಭಾಗಕ್ಕೆ ಬಂದಿದ್ದೇನೆ. ಬೇಕಾದ ಹೆಚ್ಚಿನ ಪದಗಳು ಸಿಕ್ಕಿವೆ, ಒಂದು ಮಾತ್ರ ಸತಾಯಿಸುತ್ತಿದೆ: ‘ರೂಸಿ ದತ್ ತೊನ್’, ಅಂದರೆ ಮೈ ಎಳೆದು, ತಾವೇ ಒತ್ತಿಕೊಳ್ಳುವ ಒಂದು ಥಾಯ್ ಅಭ್ಯಾಸ.

ಸಲೀಸಾದವನ್ನು ಮೊದಲು ಹೇಳಿಬಿಡುತ್ತೇನೆ. ‘ಕ್ರಬೀ ಕ್ರಬೋಂಗ್’ ಅಂದರೆ ಕತ್ತಿ ಮತ್ತು ದೊಣ್ಣೆ. ನಮ್ಮಲ್ಲಿ ಕತ್ತಿವರಸೆ, ದೊಣ್ಣೆವರಸೆ ಇದ್ದೇ ಇವೆ. ಮುಯ್ ಥಾಯ್ (ಥಾಯ್ ಬಾಕ್ಸಿಂಗ್) ಪಂದ್ಯಕ್ಕೆ ಮುಂಚೆ ಮಾಡುವ ‘ವಾಯ್ ಖ್ರೂ’ಗೆ ಗುರುವಂದನೆ ಸಾಕು. ಆಗ ತಲೆಗೆ ತೊಡುವ ಪಟ್ಟಿಯ ಹೆಸರು ‘ಮೊಂಗ್‌ಖೊನ್’, ಅದು ನಮ್ಮ ‘ಮಂಗಳ’ ಪದವೇ. ‘ತಕ್ರೋ’ ಅನ್ನು ಹಾಗೇ ಇಟ್ಟಿದ್ದೇನೆ. ಮೊದಲು ಬೆತ್ತದಲ್ಲಿ ಹೆಣೆಯುತ್ತಿದ್ದ, ಈಗ ಜಾಸ್ತಿ ಪ್ಲಾಸ್ಟಿಕ್‌ನಲ್ಲಿ ಮಾಡುವ ಚೆಂಡು ಅದು. ನಾಲ್ಕಾರು ಜನ ದುಂಡಗೆ ನಿಂತು, ಕೈ ತಾಗಿಸದೆ, ಪಾದ ಮಂಡಿ ತಲೆಗಳಲ್ಲೇ ಅದನ್ನು ನೆಲಕ್ಕೆ ಬೀಳದಂತೆ ಒಬ್ಬರಿಂದೊಬ್ಬರಿಗೆ ದಾಟಿಸುತ್ತಾರೆ. ಇದನ್ನು ಕಾಲ್ಚೆಂಡು ಅಂದರೆ ಓದುವವರು ಫುಟ್‌ಬಾಲ್ ಅಂದುಕೊಳ್ಳುತ್ತಾರೆ, ಅಲ್ವಾ? ನೆಟ್ ಕಟ್ಟಿ ಆಡುವ ಸೆಪಕ್ ತಕ್ರೋದಲ್ಲಿ 2018ರ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಗಂಡಸರ ತಂಡಕ್ಕೆ ಕಂಚು ಬಂದಿದ್ದರಿಂದ ಹೆಸರು ಕೆಲವರ ಕಿವಿಗಾದರೂ ಬಿದ್ದಿರುತ್ತದೆ.

ಈಗ ಸತಾಯಿಸುತ್ತಿರುವ ಪದ: ರೂಸಿ ದತ್ ತೊನ್.

ಬ್ಯಾಂಕಾಕ್‌ನ ವಾಟ್ ಫೋ ದೇವಾಲಯದಲ್ಲಿ ಕಲ್ಲು ಪೇರಿಸಿ ಮಾಡಿದ ಪುಟ್ಟ ಗುಡ್ಡಗಳ ಮೇಲೆ ಋಷಿಗಳ ಮೂರ್ತಿಗಳಿವೆ. ಒಬ್ಬೊಬ್ಬರದೂ ಒಂದೊಂದು ಭಂಗಿ. ಕಾಲು ಮಡಚಿದವರು, ತೋಳು ಹಿಂದಕ್ಕೆಳೆದವರು, ತಮ್ಮ ಮೈಯನ್ನು ತಾವೇ ಒತ್ತಿಕೊಳ್ಳುತ್ತಿರುವವರು. 1836ರಲ್ಲಿ ದೊರೆ ಮೂರನೇ ರಾಮ 80 ಮೂರ್ತಿಗಳನ್ನು ಎರಕ ಹೊಯ್ಯಿಸಿ, ಯಾವ ಭಂಗಿ ಯಾವ ನೋವಿಗೆ ಎಂದು ಪದ್ಯಗಳನ್ನೂ ಬರೆಸಿದ. ಈಗ ಉಳಿದಿರುವವು ಕೆಲವೇ. ಆದರೆ ಅಭ್ಯಾಸ ಉಳಿದಿದೆ, ಇದನ್ನು ಕಲಿಸುವವರೂ ಇದ್ದಾರೆ. ಎಳೆಯುವುದು, ಉಸಿರು ಹಿಡಿದು ಬಿಡುವುದು, ತನ್ನ ಮೈ ತಾನೇ ಒತ್ತಿಕೊಳ್ಳುವುದು, ಮೂರೂ ಇದರಲ್ಲಿ ಸೇರಿವೆ.

ಸುಮ್ನೆ ‘ಥಾಯ್ ಯೋಗ’ ಅಂತ ಬರೆದು ಕೈ ತೊಳೆದುಕೊಳ್ಳಬಹುದು, ಬಹಳ ಕಡೆ ಹಾಗೇ ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹಾಗೆ ಕರೆದರೆ ಒತ್ತಿಕೊಳ್ಳುವ ಭಾಗ ಪೂರ್ತಿ ಬಿಟ್ಟುಹೋಗುತ್ತದೆ. ಅವರದೇ ಆದ ಹೆಸರೊಂದು ಇದ್ದೂ ನಾವು ನಮ್ಮದನ್ನು ಅಂಟಿಸಿದ ಹಾಗೂ ಆಗುತ್ತದೆ.

ವ್ಯಾಯಾಮ ಎನ್ನೋಣವೇ ಅಂದರೆ ಅಲ್ಲಿ ಬೇರೆ ತೊಡಕು. ಅದೇ ಪದ ಥಾಯ್‌ನಲ್ಲಿ ‘ಫಯಾಯಾಮ್’ ಆಗಿದೆ, ಆದರೆ ಅರ್ಥ ಪ್ರಯತ್ನ ಪಡುವುದು. ಬುದ್ಧನ ಎಂಟು ದಾರಿಗಳಲ್ಲಿ ಬರುವ ‘ಸಮ್ಮಾ ವಾಯಾಮ’ದ ಅರ್ಥವನ್ನು ಅವರು ಉಳಿಸಿಕೊಂಡಿದ್ದಾರೆ, ನಾವು ಅದನ್ನು ಮೈ ದಣಿಸುವುದಕ್ಕೆ ಇಟ್ಟುಕೊಂಡಿದ್ದೇವೆ. ಮೈ ದಣಿಸುವುದಕ್ಕೆ ಅವರು ಹೇಳುವುದು ‘ಓಕ್ ಕಮ್‌ಲಂಗ್ ಕಾಯ್’, ಅಂದರೆ ಕಾಯದ ಬಲ ಹೊರಹಾಕುವುದು. ಬ್ಯಾಂಕಾಕ್‌ನ ಲುಂಫಿನಿ ಪಾರ್ಕಿನಲ್ಲಿ ಸಂಜೆ ಸ್ಪೀಕರ್ ಇಟ್ಟು ಎಲ್ಲರೂ ಒಟ್ಟಿಗೆ ಕುಣಿಯುವ ಏರೋಬಿಕ್ಸ್, ಎರಡೂವರೆ ಕಿಲೋಮೀಟರ್ ಸುತ್ತಿನ ಓಟ, ಇವಕ್ಕೆ ಈ ಮಾತು ಸರಿ. (ಕೈಪಿಡಿಯಲ್ಲಿ ಇದನ್ನೂ ಸೇರಿಸಿದ್ದೇನೆ: ಸಂಜೆ ಆರಕ್ಕೆ ಪಾರ್ಕಿನಲ್ಲಿ ರಾಷ್ಟ್ರಗೀತೆ ಬರುತ್ತದೆ, ಓಡುತ್ತಿದ್ದವರೂ ನಿಂತುಬಿಡುತ್ತಾರೆ, ನೀವೂ ನಿಲ್ಲಿ.) ಋಷಿಗಳ ಕೆಲಸ ಬೇರೆ, ಅಲ್ಲಿ ದಣಿವಿಲ್ಲ. ಇದೇ ಕಾರಣಕ್ಕೆ ‘ಸಾಮು’ ಕೂಡ ಕೈಬಿಟ್ಟೆ. ಸಾಮು ಅಂದ ಕೂಡಲೇ ಗರಡಿಮನೆ, ಮಟ್ಟಿ, ಬಸ್ಕಿ, ಬೆವರು ಕಣ್ಣಮುಂದೆ ಬರುತ್ತವೆ.

‘ರೂಸಿ’ ಅಂದರೆ ಋಷಿ, ‘ತೊನ್’ ಅಂದರೆ ತಾನು. ‘ದತ್’ ಅಂದರೆ ಬಾಗಿಸಿ ಸರಿಯಾದ ಆಕಾರಕ್ಕೆ ತರುವುದು. ಹಲ್ಲಿಗೆ ತಂತಿ ಹಾಕಿಸುವುದಕ್ಕೂ, ಕೂದಲನ್ನು ಗುಂಗುರು ಮಾಡಿಸುವುದಕ್ಕೂ ಅವರು ಇದೇ ‘ದತ್’ ಬಳಸುತ್ತಾರೆ. ನನಗೆ ಹತ್ತಿರ ಅನ್ನಿಸಿದ್ದು ನಮ್ಮ ‘ತಿದ್ದಿ ತೀಡು’. ತಿದ್ದುವುದರಲ್ಲಿ ಡೊಂಕು ಸರಿಮಾಡುವುದಿದೆ, ತೀಡುವುದರಲ್ಲಿ ಉಜ್ಜುವುದು, ಒತ್ತುವುದಿದೆ. ಹಾಗಾಗಿ ‘ಋಷಿ ಮೈತಿದ್ದು’ ಅಥವಾ ‘ಋಷಿ ಮೈತೀಡು’ ಎಂದು ಬರೆದು ನೋಡಿದೆ. ಮೊದಲನೆಯದು ಓದಿದ ಕೂಡಲೇ ತಿಳಿಯುತ್ತದೆ, ಆದರೆ ‘ತನ್ನನ್ನು ತಾನೇ’ ಎಂಬುದು ಅದರಲ್ಲಿಲ್ಲ. ಎರಡನೆಯದನ್ನು ಯಾರೋ ಇನ್ನೊಬ್ಬರು ಮಾಲೀಷು ಮಾಡುತ್ತಾರೆ ಅಂತ ತಿಳಿದುಕೊಂಡರೆ ಕಷ್ಟ.

ಎರಡು ಪ್ರಶ್ನೆ. ನಿಮ್ಮ ಕಡೆ ‘ತೀಡು’ ಪದವನ್ನು ಮೈಕೈ ನೋವಿಗೆ ಒತ್ತುವ, ನೀವುವ ಅರ್ಥದಲ್ಲಿ ಈಗಲೂ ಬಳಸುತ್ತಾರಾ, ಅಥವಾ ಹುಬ್ಬು, ಮೀಸೆ, ಗಂಧಕ್ಕೆ ಮಾತ್ರ ಉಳಿದಿದೆಯಾ? ಇನ್ನೊಂದು, ಉಳುಕು ತೆಗೆಯುವವರು ನೋವಿದ್ದವರಿಗೆ ‘ಹೀಗೆ ಎಳೆದು ಬಿಡಿ’ ಎಂದು ಮನೆಯಲ್ಲಿ ಮಾಡಿಕೊಳ್ಳಲು ಹೇಳಿಕೊಡುತ್ತಾರಲ್ಲ, ಅದಕ್ಕೆ ಅವರದೇ ಹೆಸರೇನಾದರೂ ಇದೆಯಾ? ಉತ್ತರ ಕರ್ನಾಟಕದವರು, ಕರಾವಳಿಯವರು ದಯವಿಟ್ಟು ಬರೆಯಿರಿ. ಯಾವ ಊರಿನ ಕಡೆಯ ಮಾತು ಅನ್ನುವುದನ್ನೂ ಸೇರಿಸಿ.