ಪದ ಬೇಕು, ನಾಳೆಯೊಳಗೆ: ‘ಬ್ಯಾಕ್‌ಗ್ರೌಂಡ್ ಪ್ರೊಸೆಸ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಭಾನುವಾರ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಚಿಕ್ಕ ಶಿಬಿರ ಇದೆ. ಮನೆಯ ಕಂಪ್ಯೂಟರ್ ಮೇಲೆ ಅನುಮಾನ ಬಂದರೆ, ಅಂಗಡಿಗೆ ಹೊತ್ತುಕೊಂಡು ಹೋಗುವ ಮೊದಲು ನಾವೇ ಏನೇನು ನೋಡಬಹುದು ಅಂತ ಹೇಳಿಕೊಡುತ್ತಾರೆ. ಹಂಚುವುದಕ್ಕೆ ಒಂದು ಪುಟದ ಹಾಳೆ. ಅದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಿದ್ದಿದೆ. ನಾಳೆ ಸಂಜೆ ಐದಕ್ಕೆ ಪ್ರಿಂಟ್‌ಗೆ ಕೊಡಬೇಕು.

ಮಾಲ್‌ವೇರ್‌ಗೆ ‘ಕುತಂತ್ರಾಂಶ’ ಅಂತ ಹಾಕಿದ್ದೇನೆ, ನಡೆಯುತ್ತಾ? ಕ್ವಾರಂಟೈನ್ ಪದವನ್ನು ಹಾಗೇ ಬಿಡಲೋ ಬೇಡವೋ? ಇವೆರಡಕ್ಕಿಂತ ಜಾಸ್ತಿ ಕಾಟ ಕೊಡುತ್ತಿರುವುದು ಬ್ಯಾಕ್‌ಗ್ರೌಂಡ್ ಪ್ರೊಸೆಸ್. ಈಗ ಏನೇನು ಓಡುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದರೆ ಮೇಲ್ಗಡೆ ನಾವೇ ತೆರೆದಿಟ್ಟ ಆ್ಯಪ್‌ಗಳು. ಅದರ ಕೆಳಗೆ, ನಾವು ತೆರೆಯದೆ ತಾವೇ ಓಡುವ ಇವು ಉದ್ದಕ್ಕೆ ಸಾಲು ನಿಂತಿರುತ್ತವೆ. ‘ಹಿನ್ನೆಲೆ ಪ್ರಕ್ರಿಯೆಗಳು’ ಅಂತ ಬರೆದು ಅಮ್ಮನಿಗೆ ಓದಿ ಹೇಳಿದೆ. "ಯಾವ ಟೆಂಡರ್ ನೋಟೀಸೇ ಇದು?" ಅಂದರು.

ವಾಕ್ಯ ಹೀಗಿದೆ: "ಪರಿಚಯವಿಲ್ಲದ ____ ಕಂಡ ತಕ್ಷಣ ಎಂಡ್ ಟಾಸ್ಕ್ ಒತ್ತಬೇಡಿ. ಅದು ಯಾವ ಫೋಲ್ಡರ್‌ನಿಂದ ಬಂದಿದೆ ಅಂತ ಮೊದಲು ನೋಡಿ." ಖಾಲಿ ಜಾಗ ತುಂಬಿಸಿಕೊಡಿ.

— ತುಮಕೂರಿನಿಂದ

* * *

‘ಹಿನ್ನೆಲೆ’ ಕನ್ನಡ. ‘ಪ್ರಕ್ರಿಯೆ’ ಸಂಸ್ಕೃತ. ಇದು ಅರಿಸಮಾಸ, ಎರಡು ಭಾಷೆ ಬೆರೆಸಿದ ಸಲ್ಲದ ಜೋಡಣೆ. 13ನೇ ಶತಮಾನದಲ್ಲಿ ವ್ಯಾಕರಣಕಾರ ಕೇಶಿರಾಜ ಹೇಳಿ ಮುಗಿಸಿದ ಮಾತನ್ನು ಈ ಬಳಗದಲ್ಲೂ ಮತ್ತೆ ಹೇಳಬೇಕಾಗಿ ಬಂತಲ್ಲ. ‘ನೇಪಥ್ಯಕ್ರಿಯೆ’ ಎನ್ನಿ, ಮುಗಿಯಿತು.

‘ಕುತಂತ್ರಾಂಶ’ ಒಳ್ಳೆಯ ಪದ. ಎರಡು ರೀತಿ ಬಿಡಿಸಬಹುದು. ಕು + ತಂತ್ರಾಂಶ ಅಂದರೆ ಕೆಟ್ಟ ತಂತ್ರಾಂಶ. ಕುತಂತ್ರ + ಅಂಶ ಅಂದರೆ ಕುತಂತ್ರದ ತುಣುಕು. ಎರಡು ಅರ್ಥವೂ ಕೂಡುತ್ತವೆ. 1990ರಲ್ಲಿ ಕಂಪ್ಯೂಟರ್ ತಜ್ಞ ಯಿಸ್ರೇಲ್ ರಾಡೈ ‘ಮಾಲ್‌ವೇರ್’ ಕಟ್ಟಿದಾಗ ಇಂಗ್ಲಿಷಿಗೆ ಈ ಯೋಗ ಸಿಗಲಿಲ್ಲ.

— ಮೈಸೂರಿನಿಂದ

* * *

ಹಿನ್ನೆಲೆ ಗಾಯಕ. ಹಿನ್ನೆಲೆ ಸಂಗೀತ. ಇವೂ ಅರಿಸಮಾಸವೇ, ಮಾಸ್ತರ್ರೇ. ಹಿನ್ನೆಲೆ ಗಾಯಕರಿಗೆ ಸನ್ಮಾನ ಅಂದಾಗ ನೀವು ಎದ್ದು ಹೊರಗೆ ಹೋಗುತ್ತೀರಾ?

‘ನೇಪಥ್ಯಕ್ರಿಯೆ’ ಅಂತ ಹಾಳೆಯಲ್ಲಿ ಹಾಕಿದರೆ ಜನ ಕಂಪ್ಯೂಟರ್‌ಗೆ ತಿಥಿ ಮಾಡಿಸಬೇಕು ಅಂದುಕೊಂಡಾರು.

— ಧಾರವಾಡದಿಂದ

* * *

ನಮ್ಮ ಕಡೆ ಪದ ರೆಡಿ ಇದೆ ಮಾರಾಯ್ರೇ. ಯಕ್ಷಗಾನದಲ್ಲಿ ವೇಷ ಹಾಕಿ ಕುಣಿಯುವವರು ಮುಮ್ಮೇಳ. ಭಾಗವತರು, ಮದ್ದಳೆ, ಚೆಂಡೆ ಸೇರಿ ಹಿಮ್ಮೇಳ. ಆ್ಯಪ್‌ಗಳು ಮುಮ್ಮೇಳ, ಉಳಿದವು ಹಿಮ್ಮೇಳ. ಹಿಮ್ಮೇಳ ನಿಂತರೆ ಮುಮ್ಮೇಳದ ಕುಣಿತವೂ ನಿಂತಿತು. ಕಂಪ್ಯೂಟರ್‌ನಲ್ಲೂ ಹಾಗೇ ಅಲ್ವಾ?

ಇನ್ನೊಂದು ವಿಷಯ. ಯೂನಿಕ್ಸ್ ಜಾತಿಯ ಕಂಪ್ಯೂಟರ್‌ಗಳಲ್ಲಿ ಹೀಗೆ ಹಿಂದೆ ನಿಂತು ದುಡಿಯುವ ಪ್ರೋಗ್ರಾಂಗೆ ‘ಡೀಮನ್’ ಅನ್ನುತ್ತಾರೆ. ಆ ಹೆಸರು 1963ರ ಸುಮಾರಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಬಂತು. ಭೌತಶಾಸ್ತ್ರದಲ್ಲಿ ಮ್ಯಾಕ್ಸ್‌ವೆಲ್ ಕಲ್ಪಿಸಿದ, ಸುಮ್ನೆ ಕೂತು ಅಣುಗಳನ್ನು ವಿಂಗಡಿಸುವ ಭೂತದಿಂದ ತೆಗೆದುಕೊಂಡದ್ದು. ಕೆಟ್ಟ ಅರ್ಥ ಅದಕ್ಕಿಲ್ಲ. ತುಳುನಾಡಿನಲ್ಲಿ ಭೂತ ಅಂದರೂ ದೈವ ಅಂದರೂ ಕಾಯುವ ಶಕ್ತಿಯೇ. ಡೀಮನ್, ದೈವ, ದೆವ್ವ, ಮೂರೂ ಒಂದೇ ಬೇರಿನವು ಅಂತ ನನ್ನ ಗಟ್ಟಿ ನಂಬಿಕೆ.

— ಉಡುಪಿಯಿಂದ

* * *

ನಂಬಿಕೆ ದೇವಸ್ಥಾನದಲ್ಲಿ ಇರಲಿ. ದೆವ್ವ ದೈವದ ತದ್ಭವ, ಅದು ಸರಿ. ಗ್ರೀಕಿನ ಡೈಮೋನ್ ‘ಹಂಚು, ಪಾಲು ಮಾಡು’ ಎನ್ನುವ ಬೇರೆ ಧಾತುವಿನದು. ನಂಟು ಬೇಕಿದ್ದರೆ ವೈರಸ್ ಹಿಡಿಯಿರಿ. ಲ್ಯಾಟಿನ್ ವೈರಸ್, ನಮ್ಮ ವಿಷ ಒಂದೇ ಮೂಲದವು. ವೈರಿಗೂ ಅದಕ್ಕೂ ಸಂಬಂಧವಿಲ್ಲ, ಯಾರಾದರೂ ಆ ಕಡೆ ಹೊರಟಿದ್ದರೆ ಅಲ್ಲೇ ನಿಲ್ಲಿ.

— ಮೈಸೂರಿನಿಂದ

* * *

ಕು, ತಂತ್ರ, ಅಂಶ. ಮೂರೂ ಹೊರಗಿನವು. ‘ಕೇಡು’ ಎಂಬ ಅಚ್ಚಗನ್ನಡ ಪದ ಕೈಯಲ್ಲೇ ಇರುವಾಗ ಇದೇಕೆ? ಮಾಲ್‌ವೇರ್‌ಗೆ ‘ಕೇಡುಸರಕು’. ಬ್ಯಾಕ್‌ಗ್ರೌಂಡ್ ಪ್ರೊಸೆಸ್‌ಗೆ ‘ಹಿಂಬದಿ ಓಟ’. ರನ್ ಆಗುತ್ತಿದೆ ಅನ್ನುವುದಿಲ್ಲವೇ, ಅದೇ ಓಟ.

— ಶಿವಮೊಗ್ಗದಿಂದ

* * *

‘ಹಿಂಬದಿ ಓಟ’ ಅಂದರೆ ಕಂಪ್ಯೂಟರ್ ರಿವರ್ಸ್ ಗೇರ್‌ನಲ್ಲಿ ಹೋಗುತ್ತಿದೆ ಅಂತ ಅರ್ಥ. ಬೇಡ.

— ಧಾರವಾಡದಿಂದ

* * *

ನಾನು ದಿನಾ ಇದೇ ಕಂಪ್ಯೂಟರ್ ನೋಡುವ ಕೆಲಸ ಮಾಡುವವನು, ಅದಕ್ಕೆ ಬಾಯಿ ಹಾಕುತ್ತಿದ್ದೇನೆ.

ಹಿಮ್ಮೇಳ ನನಗೆ ಇಷ್ಟವಾಯಿತು. ಆದರೆ ಹಿಮ್ಮೇಳ ರಂಗದ ಮೇಲೆ ಎಲ್ಲರಿಗೂ ಕಾಣುವಂತೆ ಕೂತಿರುತ್ತದೆ, ಚೆಂಡೆ ಎರಡು ಮೈಲಿ ಕೇಳುತ್ತದೆ. ಇಲ್ಲಿ ನಾವು ಹೇಳಬೇಕಾದದ್ದು ಕಣ್ಣಿಗೂ ಕಿವಿಗೂ ಬೀಳದ ಕೆಲಸ. ಅದು ವೇಷ ಕಟ್ಟುವ ಚೌಕಿಯಲ್ಲಿ ನಡೆಯುವಂಥದ್ದು. ‘ತೆರೆಮರೆಯ ಕೆಲಸ’ ಅಂತ ಸೂಚಿಸೋಣ ಅಂತಲೇ ಬರೆಯಲು ಕೂತೆ. ತೆರೆ ಅಂದರೆ ಪರದೆಯೂ ಹೌದು. ಆಮೇಲೆ ಪೇಪರ್ ನೋಡಿದೆ. ತೆರೆಮರೆಯ ಕಸರತ್ತು, ತೆರೆಮರೆಯ ಆಟ. ಈ ಪದ ಕೇಳಿದವರಿಗೆ ಮೊದಲು ಬರುವುದೇ ಅನುಮಾನ.

ಈ ಹಾಳೆಯ ತೊಂದರೆ ಇರುವುದೇ ಅಲ್ಲಿ. ‘ಪರಿಚಯವಿಲ್ಲದ’ ಬೇರೆ, ‘ಅನುಮಾನದ’ ಬೇರೆ. ಎಸ್‌ವಿಸಿ-ಹೋಸ್ಟ್ ಎಂಬ ಹೆಸರು ನೋಡಿ. ವಿಂಡೋಸ್ ತನ್ನ ಸರ್ವೀಸ್‌ಗಳನ್ನು, ಅಂದರೆ ಹಿಂದೆ ನಡೆಯುವ ಸೇವೆಗಳನ್ನು, ಓಡಿಸುವುದು ಇದರ ಮೂಲಕ. ಡೀಟೇಲ್ಸ್ ಪುಟಕ್ಕೆ ಹೋದರೆ ಅದು ಹತ್ತಾರು ಸಲ ಕಾಣುತ್ತದೆ. ವಿಂಡೋಸ್ 10ರ 2017ರ ಆವೃತ್ತಿಯಿಂದ, 3.5 ಜಿಬಿಗಿಂತ ಜಾಸ್ತಿ ರ‍್ಯಾಮ್ ಇರುವ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನ ಸರ್ವೀಸ್‌ಗಳಿಗೆ ಒಂದೊಂದು ಪ್ರತ್ಯೇಕ ಎಸ್‌ವಿಸಿ-ಹೋಸ್ಟ್ ಕೊಟ್ಟಿದ್ದಾರೆ. ಒಂದು ಬಿದ್ದರೆ ಪಕ್ಕದ್ದು ಬೀಳದಿರಲಿ ಅಂತ. ಗೊತ್ತಿಲ್ಲದವರು ಇದನ್ನೇ ವೈರಸ್ ಮರಿ ಹಾಕಿದೆ ಅಂದುಕೊಳ್ಳುತ್ತಾರೆ. ನಮ್ಮ ಮಾವ ಹೀಗೇ ಒಂದೊಂದನ್ನಾಗಿ ಕೊಲ್ಲುತ್ತಾ ಹೋಗಿ, ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆ ತರಿಸಿಕೊಂಡರು. ಅಂಗಡಿಯವನು ನೋಡಿದವನೇ "ಫಾರ್ಮ್ಯಾಟ್ ಹೊಡೀಬೇಕು" ಅಂದ. ಹೊಡೆದ. ಮಗಳ ಮದುವೆಯ ಫೋಟೋ ಹೋದವು.

ಕಳ್ಳ ಬೇರೆ ಕಡೆ ಸಿಗುತ್ತಾನೆ. ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಒತ್ತಿ. ಅಸಲಿ ಎಸ್‌ವಿಸಿ-ಹೋಸ್ಟ್ ಇರುವುದು ವಿಂಡೋಸ್ ಫೋಲ್ಡರ್ ಒಳಗಿನ ಸಿಸ್ಟಂ32ರಲ್ಲಿ. ಟೆಂಪ್ ಫೋಲ್ಡರ್‌ನಿಂದಲೋ ಡೌನ್‌ಲೋಡ್ಸ್‌ನಿಂದಲೋ ಓಡುತ್ತಿದ್ದರೆ ಹಿಡಿಯಿರಿ. ಕಾಗುಣಿತವನ್ನೂ ನೋಡಿ. ‘ಓ’ ಅಕ್ಷರದ ಜಾಗದಲ್ಲಿ ಸೊನ್ನೆ, ‘ವಿ’ ಮತ್ತು ‘ಸಿ’ ಅದಲುಬದಲು, ಇವು ಹಳೆಯ ವೇಷ. ಮೈಸೂರಿನ ಮೇಷ್ಟ್ರ ಕಣ್ಣಿಗಾದರೆ ಒಂದೇ ನಿಮಿಷದಲ್ಲಿ ಬೀಳುತ್ತದೆ.

ಆದ್ದರಿಂದ ನನ್ನ ಮತ ಅನುಮಾನದ ವಾಸನೆ ಇಲ್ಲದ ಪದಕ್ಕೆ. ‘ಹಿಂದೆ ನಡೆಯುವ ಕೆಲಸಗಳು’. ಇಷ್ಟೇ. ಮೊದಲ ಸಲ ಬಂದಾಗ ಇಂಗ್ಲಿಷ್ ಹೆಸರನ್ನೂ ಕನ್ನಡ ಅಕ್ಷರದಲ್ಲಿ ಕೊಡಿ, ಪರದೆ ಮೇಲೆ ಓದಿ ಹೊಂದಿಸಿಕೊಳ್ಳಬೇಕಲ್ಲ.

— ಬೆಂಗಳೂರಿನಿಂದ

* * *

‘ಹಿಂದೆ ನಡೆಯುವ ಕೆಲಸಗಳು’ ಪದವಲ್ಲ, ವಿವರಣೆ. ಪದ ಕೇಳಿದರೆ ಪದ ಕೊಡಬೇಕು. ಸೋತು ವಾಕ್ಯ ಕೊಡುವುದಲ್ಲ.

— ಮೈಸೂರಿನಿಂದ

* * *

ಮೇಷ್ಟ್ರ ಮಾತಿಗೆ ಇದೊಂದು ಸಲ ನನ್ನ ಒಪ್ಪಿಗೆ ಇದೆ. ಆದರೆ ನೇಪಥ್ಯವೂ ನಮ್ಮದಲ್ಲ, ಪ್ರೊಸೆಸ್ಸೂ ನಮ್ಮದಲ್ಲ. ಒಂದು ಸಾಲ ಹಳೆಯದು, ಒಂದು ಹೊಸದು.

— ಶಿವಮೊಗ್ಗದಿಂದ

* * *

ಕುರ್ಚಿ, ಕಾಗದ, ಅರ್ಜಿ, ಕಚೇರಿ. ಇವೂ ಸಾಲದವೇ. ವಾಪಸ್ ಕೊಟ್ಟು ನೆಲದ ಮೇಲೆ ಕೂತು ಬರೆಯುತ್ತೀರಾ?

— ಧಾರವಾಡದಿಂದ

* * *

ಅವು ಜನರ ಬಾಯಲ್ಲಿ ಸವೆದು ನಮ್ಮವಾದವು. ನೇಪಥ್ಯ ಸವೆದಿಲ್ಲ. ಯಾರೂ ಮುಟ್ಟಿಯೇ ಇಲ್ಲ.

— ಶಿವಮೊಗ್ಗದಿಂದ

* * *

ಯಾರೂ ಕ್ವಾರಂಟೈನ್ ಕಡೆ ನೋಡಲೇ ಇಲ್ಲ! ಅದನ್ನು ಹಾಗೇ ಬಿಡಿ ತಂಗಿ. ಮೂಲ ವೆನಿಸ್‌ನದು, ಹಡಗುಗಳನ್ನು 40 ದಿನ ನಿಲ್ಲಿಸುತ್ತಿದ್ದರು. ಆದರೆ 2020ರಲ್ಲಿ ನಮ್ಮೂರ ಶಾಲೆಯಲ್ಲೇ ಜನರನ್ನು ಕೂಡಿಹಾಕಿದ ಮೇಲೆ ಅದಕ್ಕೆ ನಿಘಂಟು ಬೇಕಿಲ್ಲ. ಕನ್ನಡವೇ ಬೇಕು ಅಂದರೆ ‘ದೊಡ್ಡಿಗೆ ಹಾಕು’. ಬೀಡಾಡಿ ದನವನ್ನು ದೊಡ್ಡಿಗೆ ಹಾಕಿದರೆ ಕೊಲ್ಲುವುದಿಲ್ಲ, ಬೆಳೆ ಮೇಯಲೂ ಬಿಡುವುದಿಲ್ಲ. ತನ್ನದೇ ಅಂತ ಗೊತ್ತಾದರೆ ಯಜಮಾನ ದಂಡ ಕಟ್ಟಿ ಬಿಡಿಸಿಕೊಂಡು ಹೋಗಬಹುದು. ಆ್ಯಂಟಿವೈರಸ್ ಮಾಡುವುದೂ ಅದನ್ನೇ.

— ಉಡುಪಿಯಿಂದ

* * *

ಎಲ್ಲರಿಗೂ ಧನ್ಯವಾದ. ಹಾಳೆ ಐದು ಗಂಟೆಗೆ ಹೋಯಿತು. ‘ಕುತಂತ್ರಾಂಶ’ ಉಳಿಯಿತು, ಪಕ್ಕದಲ್ಲಿ ‘ಅಂದರೆ ಮಾಲ್‌ವೇರ್’ ಅಂತ ಸೇರಿಸಿದೆ. ಕ್ವಾರಂಟೈನ್ ಹಾಗೇ ಇದೆ. ದೊಡ್ಡಿಯ ಹೋಲಿಕೆ ಒಂದು ಸಾಲಾಗಿ ಬಂತು, ಅಮ್ಮನಿಗೆ ತುಂಬಾ ಹಿಡಿಸಿತು. ಖಾಲಿ ಜಾಗಕ್ಕೆ ‘ಹಿಂದೆ ನಡೆಯುವ ಕೆಲಸ’. ಮೇಷ್ಟ್ರ ಕ್ಷಮೆ ಇರಲಿ. ಪ್ರತಿ ಲಗತ್ತಿಸಿದ್ದೇನೆ.

— ತುಮಕೂರಿನಿಂದ

* * *

ಹಾಳೆ ಓದಿದೆ. ‘ಕುತಂತ್ರಾಂಶಗಳನ್ನ’ ಅಂತಿದೆ, ‘ಗಳನ್ನು’ ಆಗಬೇಕು.

ಕುತೂಹಲಕ್ಕೆ ನನ್ನ ಕಂಪ್ಯೂಟರ್‌ನಲ್ಲೂ ನೋಡಿದೆ. ಒಂದು ಎಸ್‌ವಿಸಿ-ಹೋಸ್ಟ್ ಟೆಂಪ್ ಫೋಲ್ಡರ್ ತೋರಿಸುತ್ತಿದೆ. ಕಾಗುಣಿತ ಸರಿಯಾಗಿಯೇ ಇದೆ. ಬೆಂಗಳೂರಿನವರು ಇದ್ದೀರಾ?

— ಮೈಸೂರಿನಿಂದ

* * *

ಇದ್ದೇನೆ ಸರ್. ಮೊದಲು ಇಂಟರ್ನೆಟ್ ತಂತಿ ಕೀಳಿ, ವೈಫೈ ಇದ್ದರೆ ಆಫ್ ಮಾಡಿ. ಏನನ್ನೂ ಡಿಲೀಟ್ ಮಾಡಬೇಡಿ. ವಿಂಡೋಸ್ ಸೆಕ್ಯುರಿಟಿ ತೆರೆದು ಸ್ಕ್ಯಾನ್ ಆಪ್ಶನ್ಸ್ ಒಳಗೆ ‘ಡಿಫೆಂಡರ್ ಆಫ್‌ಲೈನ್’ ಆರಿಸಿ. ತೆರೆದಿಟ್ಟ ಬರಹಗಳನ್ನು ಅದಕ್ಕೆ ಮೊದಲು ಸೇವ್ ಮಾಡಿ, ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗುತ್ತದೆ. ವಿಂಡೋಸ್ ಏಳುವ ಮೊದಲೇ ಹುಡುಕುವುದರಿಂದ ಅದಕ್ಕೆ ಅಡಗಲು ಜಾಗ ಕಡಿಮೆ. ಕಾಲು ಗಂಟೆ ಹಿಡಿಯಬಹುದು, ಮಧ್ಯೆ ಆರಿಸಬೇಡಿ. ಅಷ್ಟರಲ್ಲಿ ಬೇರೆ ಫೋನಿನಿಂದ ಬ್ಯಾಂಕ್, ಇಮೇಲ್ ಪಾಸ್‌ವರ್ಡ್ ಬದಲಿಸಿ. ಆ ಕಂಪ್ಯೂಟರ್‌ನಿಂದ ಮಾತ್ರ ಬೇಡ.

ಮುಗಿದ ಮೇಲೆ ಏನು ಸಿಕ್ಕಿತು ಅಂತ ಫೋನಿನಿಂದಲೇ ಬರೆಯಿರಿ.

— ಬೆಂಗಳೂರಿನಿಂದ