ಹೊಸ ಸರ್ವರ್‌ನಲ್ಲಿ ಎಸ್‌ಕ್ಯೂಎಲ್ ಸರ್ವರ್ ಕೊನೇ ಹಂತಕ್ಕೆ ಬಂದು ಬೀಳುತ್ತಿದೆ, ಯಾಕೆ?

ಪ್ರಶ್ನೆ (ಶಿರಸಿ): ನಮ್ಮದು ಅಡಿಕೆ ವಖಾರಿ. ಟೆಂಡರು, ತೂಕದ ಚೀಟಿ, ಸದಸ್ಯರ ಖಾತೆ ಎಲ್ಲ ಒಂದೇ ಸಾಫ್ಟ್‌ವೇರಿನಲ್ಲಿ. ಹೊಸ ಸರ್ವರ್ ಬಂದಿದೆ: ವಿಂಡೋಸ್ ಸರ್ವರ್ 2022, 16 ಜಿಬಿ ರ‍್ಯಾಮ್, ಒಂದೇ ಎನ್‌ವಿಎಂಇ ಎಸ್‌ಎಸ್‌ಡಿ. ಆ ಸಾಫ್ಟ್‌ವೇರಿನ ಮಾಹಿತಿ ಇಡುವ ಡೇಟಾಬೇಸ್, ಅಂದರೆ ಎಸ್‌ಕ್ಯೂಎಲ್ ಸರ್ವರ್ 2022 ಎಕ್ಸ್‌ಪ್ರೆಸ್ (ಉಚಿತ ಆವೃತ್ತಿ) ಹಾಕುವಾಗ ಕೊನೆವರೆಗೂ ಹೋಗಿ "ವೇಟ್ ಆನ್ ದ ಡೇಟಾಬೇಸ್ ಎಂಜಿನ್ ರಿಕವರಿ ಹ್ಯಾಂಡಲ್ ಫೇಲ್ಡ್" ಅನ್ನುತ್ತದೆ. ಮೂರು ಸಲ ತೆಗೆದು ಹಾಕಿದ್ದಾಯ್ತು. ಆಂಟಿವೈರಸ್ ಬಂದ್ ಮಾಡಿದೆ, 2019 ಹಾಕಿ ನೋಡಿದೆ, ಅದೇ ಹಾಡು. ಸಾಟಾ (ಹಳೇ ಬಗೆಯ ಜೋಡಣೆ) ಡಿಸ್ಕಿನ ಹಳೇ ಮಷೀನಿನಲ್ಲಿ ಇದೇ ಸೆಟಪ್ ಸಲೀಸಾಗಿ ಕೂತಿತ್ತು. ವಿಂಡೋಸನ್ನೇ ಮತ್ತೆ ಹಾಕಬೇಕಾ ಸರ್?

ಉತ್ತರ: ವಿಂಡೋಸಿಗೆ ಕೈ ಹಚ್ಚಬೇಡಿ ಮಾರಾಯ್ರೆ. ಆ ಸಂದೇಶದಲ್ಲಿ ಕಾರಣವೇ ಇಲ್ಲ. ಫೈಲುಗಳ ನಕಲು ಮುಗಿದಿದೆ, ಸೆಟಪ್ ಸರ್ವೀಸನ್ನು ಮೊದಲ ಸಲ ಎಬ್ಬಿಸಲು ನೋಡಿತು, ಅದು ಏಳಲಿಲ್ಲ, ಅಷ್ಟೇ. ಯಾಕೆ ಏಳಲಿಲ್ಲ ಅನ್ನೋದು ಎಂಜಿನ್ನಿನ (ಡೇಟಾಬೇಸ್ ನಡೆಸುವ ಆ ಸರ್ವೀಸಿನ) ಎರರ್‌ಲಾಗ್‌ನಲ್ಲಿ ಇರುತ್ತದೆ. ಪ್ರೋಗ್ರಾಂ ಫೈಲ್ಸ್ ಒಳಗೆ ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್, ಅದರೊಳಗೆ ಎಂಎಸ್‌ಎಸ್‌ಕ್ಯೂಎಲ್16 ಅಂತ ಶುರುವಾಗುವ ಫೋಲ್ಡರ್ (2019 ಆದರೆ 15), ಅದರೊಳಗೆ ಎಂಎಸ್‌ಎಸ್‌ಕ್ಯೂಎಲ್, ಅದರೊಳಗಿನ ಲಾಗ್ ಫೋಲ್ಡರಿನಲ್ಲಿ ಎರರ್‌ಲಾಗ್ ಅನ್ನುವ ಫೈಲು. ಎಕ್ಸ್‌ಟೆನ್ಶನ್ ಇರುವುದಿಲ್ಲ, ನೋಟ್‌ಪ್ಯಾಡಿನಲ್ಲಿ ತೆರೆಯಿರಿ. "ಮಿಸ್‌ಅಲೈನ್ಡ್ ಲಾಗ್ ಐಒ" ಅಥವಾ "ಸೆಕ್ಟರ್ ಸೈಜ್" ಅನ್ನುವ ಸಾಲು ಇದೆಯಾ ಹೇಳಿ.

ಹಳೇ ಸಾಟಾದಲ್ಲಿ ಕೂತು ಹೊಸ ಎನ್‌ವಿಎಂಇಯಲ್ಲಿ ಬೀಳುತ್ತದೆ ಅಂದರೆ ನನ್ನ ಅನುಮಾನ ಡಿಸ್ಕಿನ ಸೆಕ್ಟರ್ ಅಳತೆಯ (ಡಿಸ್ಕು ಒಂದು ಸಲಕ್ಕೆ ಬರೆಯುವ ತುಣುಕಿನ ಗಾತ್ರ) ಮೇಲೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಇದನ್ನು ಓಡಿಸಿ (ಉಚ್ಚಾರದಂತೆ ಬರೆದಿದ್ದೇನೆ, ಇಂಗ್ಲಿಷಿನಲ್ಲಿ ಟೈಪ್ ಮಾಡಿ): ಎಫ್‌ಎಸ್‌ಯುಟಿಲ್ ಎಫ್‌ಎಸ್‌ಇನ್ಫೋ ಸೆಕ್ಟರ್‌ಇನ್ಫೋ ಸಿ: . ಬರುವ ಪಟ್ಟಿಯಲ್ಲಿ ಫಿಸಿಕಲ್ ಬೈಟ್ಸ್ ಪರ್ ಸೆಕ್ಟರ್ ಫಾರ್ ಅಟಾಮಿಸಿಟಿ, ಹಾಗೇ ಫಾರ್ ಪರ್ಫಾರ್ಮೆನ್ಸ್ ಅನ್ನುವ ಎರಡು ಸಾಲು ಇರುತ್ತವೆ. ಎರಡರಲ್ಲಿ ದೊಡ್ಡ ಸಂಖ್ಯೆ ಎಷ್ಟು?

ಪ್ರಶ್ನೆ (ಶಿರಸಿ): 16384. ಲಾಗ್‌ನಲ್ಲಿ ಮಿಸ್‌ಅಲೈನ್ಡ್ ಅಂತಲೂ ಇದೆ, "256" ಅನ್ನುವ ಸಂಖ್ಯೆಯ ಜೊತೆ.

ಉತ್ತರ: ಹಾಗಾದರೆ ಅದೇ. ಎಸ್‌ಕ್ಯೂಎಲ್ ಸರ್ವರ್‌ಗೆ ಗೊತ್ತಿರುವ ಸೆಕ್ಟರ್ ಅಳತೆ ಎರಡೇ: 512 ಮತ್ತು 4096 ಬೈಟ್. ಟ್ರಾನ್ಸಾಕ್ಷನ್ ಲಾಗನ್ನು (ಪ್ರತಿ ಬದಲಾವಣೆಯ ದಾಖಲೆ) ಅದು ಸೆಕ್ಟರ್ ಅಂಚಿಗೆ ಸರಿಯಾಗಿ ಕೂರಿಸಿ ಬರೆಯುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೂ ಬರೆದದ್ದು ಅರ್ಧಕ್ಕೆ ಹರಿಯಬಾರದು ಅಂತ ಈ ಕಟ್ಟುನಿಟ್ಟು. ಮೊದಲಿನ ವಿಂಡೋಸುಗಳಲ್ಲಿ ಡ್ರೈವರ್ ಸಣ್ಣ ಅಳತೆ ಹೇಳಿ ಸುಧಾರಿಸುತ್ತಿತ್ತು. ವಿಂಡೋಸ್ 11, ಸರ್ವರ್ 2022ರ ಎನ್‌ವಿಎಂಇ ಡ್ರೈವರ್ ಡಿಸ್ಕು ಹೇಳಿದ್ದನ್ನೇ ನೇರವಾಗಿ ದಾಟಿಸುತ್ತದೆ. ನಿಮ್ಮ ಡಿಸ್ಕು 16384 ಅಂದಿತು, ಎಂಜಿನ್ ಮಲಗಿತು. 2019 ಹಾಕಿದರೂ ಅದಕ್ಕೇ ಬದಲಾಗಲಿಲ್ಲ. ಡಿಸ್ಕು ಕೆಟ್ಟಿಲ್ಲ, ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ.

ರಿಜಿಸ್ಟ್ರಿ ಎಡಿಟರ್ ತೆರೆಯಿರಿ, ಮುಟ್ಟುವ ಮೊದಲು ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವಿನಲ್ಲಿಡಿ. ಲೋಕಲ್ ಮಷೀನ್ ಕೆಳಗೆ ಸಿಸ್ಟಮ್, ಕರೆಂಟ್‌ಕಂಟ್ರೋಲ್‌ಸೆಟ್, ಸರ್ವಿಸಸ್, ಸ್ಟೋರ್‌ಎನ್‌ವಿಎಂಇ, ಪ್ಯಾರಾಮೀಟರ್ಸ್, ಡಿವೈಸ್ ತನಕ ಇಳಿಯಿರಿ. ಅಲ್ಲಿ ಫೋರ್ಸ್ಡ್‌ಫಿಸಿಕಲ್‌ಸೆಕ್ಟರ್‌ಸೈಜ್‌ಇನ್‌ಬೈಟ್ಸ್ ಅನ್ನುವ ಹೆಸರಿನಲ್ಲಿ, ನಡುವೆ ಜಾಗ ಬಿಡದೆ, ಹೊಸ ಮಲ್ಟಿ-ಸ್ಟ್ರಿಂಗ್ ವ್ಯಾಲ್ಯೂ ಮಾಡಿ. ಬೆಲೆ: ನಕ್ಷತ್ರ ಚಿಹ್ನೆ, ಒಂದು ಸ್ಪೇಸ್, ಆಮೇಲೆ 4095. ಹೌದು, 4096 ಅಲ್ಲ. ಮೈಕ್ರೋಸಾಫ್ಟ್ ಕೊಟ್ಟಿರುವುದೇ ಹಾಗೆ. ಡಿವರ್ಡ್ ಅಥವಾ ಬರೀ ಸ್ಟ್ರಿಂಗ್ ಮಾಡಿದರೆ ಕೆಲಸ ಮಾಡುವುದಿಲ್ಲ, ಸ್ಪೇಸ್ ಬಿಟ್ಟುಹೋದರೂ ಇಲ್ಲ. ರೀಸ್ಟಾರ್ಟ್ ಮಾಡಿ ಅದೇ ಎಫ್‌ಎಸ್‌ಯುಟಿಲ್ ಮತ್ತೊಮ್ಮೆ ಓಡಿಸಿ. ಎರಡೂ ಸಾಲು 4096 ತೋರಿಸುವ ತನಕ ಸೆಟಪ್ ಮುಟ್ಟಬೇಡಿ.

ಆಮೇಲೆ ರಿಪೇರ್ ಒತ್ತುವ ಆಸೆ ಬೇಡ. ಅರ್ಧಕ್ಕೆ ನಿಂತ ಇನ್‌ಸ್ಟಾಲಿನಲ್ಲಿ ನೀವು ಕೊಟ್ಟ ಅಡ್ಮಿನ್ ಲಾಗಿನ್ ಒಳಗೆ ಹೋಗಿರುವುದಿಲ್ಲ. ಸರ್ವೀಸ್ ಎದ್ದರೂ ನಿಮ್ಮನ್ನು ಒಳಗೆ ಬಿಡಲಿಕ್ಕಿಲ್ಲ. ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ, ಉಳಿದುಹೋದ ಇನ್‌ಸ್ಟನ್ಸ್ ಫೋಲ್ಡರಿನ (ಎಂಎಸ್‌ಎಸ್‌ಕ್ಯೂಎಲ್16 ಅಂತ ಶುರುವಾಗುವುದು) ಹೆಸರು ಬದಲಿಸಿ, ಹೊಸದಾಗಿ ಹಾಕಿ.

ಒಂದು ಮಾತು ಬಿಟ್ಟಿತ್ತು. ಡಿಸ್ಕು ರೇಡ್ ಕಾರ್ಡಿನ (ಹಲವು ಡಿಸ್ಕುಗಳನ್ನು ಒಟ್ಟಾಗಿ ನಡೆಸುವ ಕಾರ್ಡು) ಹಿಂದೆ, ಕಂಪನಿಯ ಸ್ವಂತ ಡ್ರೈವರಿನಲ್ಲಿ ಇದ್ದರೆ ಈ ಕೀ ನಾಟುವುದಿಲ್ಲ. ಆಗ ಒಂದು ಸಾಟಾ ಎಸ್‌ಎಸ್‌ಡಿ ಸೇರಿಸಿ, ಸೆಟಪ್‌ನ ಡೇಟಾ ಡೈರೆಕ್ಟರೀಸ್ ಪುಟದಲ್ಲಿ ಡೇಟಾ ರೂಟನ್ನು ಅಲ್ಲಿಗೆ ತಿರುಗಿಸಿ.

ಪ್ರಶ್ನೆ (ಕುಮಟಾ): ಇದೇ ಜಾಗದಲ್ಲಿ ಕೇಳುತ್ತೇನೆ. ನಮ್ಮಲ್ಲಿ ಇನ್‌ಸ್ಟಾಲ್ ಆಗಿದೆ, ಸರ್ವರ್ ಮೇಲೆ ಕೂತರೆ ಎಲ್ಲ ಓಡುತ್ತದೆ. ಕೌಂಟರಿನ ಕಂಪ್ಯೂಟರುಗಳಿಂದ ಎರರ್ 26. ಪಿಂಗ್ ಹೋಗುತ್ತದೆ.

ಉತ್ತರ: 26 ಅಂದರೆ ಆ ಹೆಸರಿನ ಇನ್‌ಸ್ಟನ್ಸ್ (ಇನ್‌ಸ್ಟಾಲ್ ಆದ ಎಸ್‌ಕ್ಯೂಎಲ್ ಸರ್ವರಿನ ಪ್ರತಿ) ಎಲ್ಲಿದೆ ಅಂತ ಹೇಳುವವರು ಸಿಗಲಿಲ್ಲ. ಹೇಳಬೇಕಾದದ್ದು ಎಸ್‌ಕ್ಯೂಎಲ್ ಸರ್ವರ್ ಬ್ರೌಸರ್ ಸರ್ವೀಸ್ (ಇಂಟರ್ನೆಟ್ ಬ್ರೌಸರ್ ಅಲ್ಲ), ಯುಡಿಪಿ 1434ರಲ್ಲಿ. ಅದನ್ನು ನಂಬಿ ಕೂರುವ ಬದಲು ಪೋರ್ಟನ್ನೇ ಗಟ್ಟಿ ಮಾಡಿಬಿಡಿ. ಎಕ್ಸ್‌ಪ್ರೆಸ್‌ನಲ್ಲಿ ಟಿಸಿಪಿ/ಐಪಿ ಬಂದ್ ಆಗಿಯೇ ಬರುತ್ತದೆ. ಕಾನ್ಫಿಗರೇಶನ್ ಮ್ಯಾನೇಜರಿನಲ್ಲಿ ಅದನ್ನು ಎನೇಬಲ್ ಮಾಡಿ, ಐಪಿ ಅಡ್ರೆಸಸ್ ಪುಟದ ಕಟ್ಟಕಡೆಯ ಐಪಿಆಲ್ ಭಾಗದಲ್ಲಿ ಡೈನಮಿಕ್ ಪೋರ್ಟ್ಸ್ ಖಾಲಿ ಬಿಡಿ (ಸೊನ್ನೆ ಇದ್ದರೆ ಅಳಿಸಿ), ಟಿಸಿಪಿ ಪೋರ್ಟ್ 1433 ಹಾಕಿ, ಸರ್ವೀಸ್ ರೀಸ್ಟಾರ್ಟ್ ಮಾಡಿ. ಫೈರ್‌ವಾಲಿನಲ್ಲಿ ಟಿಸಿಪಿ 1433ಕ್ಕೆ ಇನ್‌ಬೌಂಡ್ ನಿಯಮ, ಅದೂ ಲೋಕಲ್ ಸಬ್‌ನೆಟ್‌ಗೆ ಮಾತ್ರ. ಕೌಂಟರಿನಲ್ಲಿ ಸರ್ವರಿನ ಐಪಿ ಬರೆದು ಅಲ್ಪವಿರಾಮ ಹಾಕಿ 1433 ಕೊಡಿ. ಕೋಲನ್ ಹಾಕಿ ಪರದಾಡುವವರೇ ಹೆಚ್ಚು.

ಇಷ್ಟಾದ ಮೇಲೆ 18456 (ಲಾಗಿನ್ ಆಗಲಿಲ್ಲ ಅನ್ನುವ ಎರರ್) ಬಂದರೆ ಖುಷಿಪಡಿ, ನೆಟ್‌ವರ್ಕ್ ದಾಟಿದ್ದೀರಿ. ಸರ್ವರಿನ ಎರರ್‌ಲಾಗ್‌ನಲ್ಲಿ ಸ್ಟೇಟ್ ನೋಡಿ: 5 ಆದರೆ ಆ ಹೆಸರಿನ ಲಾಗಿನ್ ಇಲ್ಲ, 8 ಆದರೆ ಪಾಸ್‌ವರ್ಡ್ ತಪ್ಪು, 58 ಆದರೆ ಸರ್ವರ್ ವಿಂಡೋಸ್ ಲಾಗಿನ್‌ಗೆ ಮಾತ್ರ ಒಪ್ಪುತ್ತಿದೆ, ಮಿಕ್ಸ್ಡ್ ಮೋಡ್ (ಎಸ್‌ಕ್ಯೂಎಲ್ ಲಾಗಿನ್‌ಗೂ ಒಪ್ಪುವುದು) ಮಾಡಬೇಕು.

ಪ್ರಶ್ನೆ (ಕಾರವಾರ): ಹೊಸ ಸರ್ವರಿಗೆ ಬಂದಮೇಲೆ ನಾವೇ ಮಾಡಿದ ಟೇಬಲಿನಲ್ಲಿ ಕನ್ನಡ ಹೆಸರುಗಳೆಲ್ಲ ????? ಆಗಿವೆ. ಫಾಂಟ್ ಹಾಕಿದರೂ ಸರಿಹೋಗಲಿಲ್ಲ.

ಉತ್ತರ: ಫಾಂಟಿನ ತಪ್ಪಲ್ಲ. ಆ ಕಾಲಂ ವಾರ್‌ಕ್ಯಾರ್ (ಯೂನಿಕೋಡ್ ಅಲ್ಲದ ಬಗೆ) ಇರಬೇಕು. ಒಂದು ಹೆಸರಿನ ಮೇಲೆ ಯೂನಿಕೋಡ್ ಫಂಕ್ಷನ್ ಓಡಿಸಿ. "ಕ"ದಿಂದ ಶುರುವಾಗುವ ಹೆಸರಿಗೆ 3221 ಬಂದರೆ ಅಕ್ಷರ ಒಳಗೆ ಸುರಕ್ಷಿತ, ತೋರಿಸುವಲ್ಲಿ ಎಡವಟ್ಟು. 63 ಬಂದರೆ ಡಿಸ್ಕಿನಲ್ಲಿ ಉಳಿದಿರುವುದೇ ಪ್ರಶ್ನಾರ್ಥಕ ಚಿಹ್ನೆ. ಅದನ್ನು ಯಾರೂ ವಾಪಸ್ ತರಲಾರರು, ಹಳೇ ಬ್ಯಾಕಪ್ಪೇ ಗತಿ. ಕಾಲಂ ಎನ್‌ವಾರ್‌ಕ್ಯಾರ್ (ಯೂನಿಕೋಡ್ ಬಗೆ) ಮಾಡಿ, ಕ್ವೆರಿಯಲ್ಲಿ ಹೆಸರಿನ ಉದ್ಧರಣ ಚಿಹ್ನೆಗೆ ಮುಂಚೆ ದೊಡ್ಡಕ್ಷರದ ಎನ್ ಸೇರಿಸಿ. ಎನ್ ಮರೆತರೆ ಕಾಲಂ ಬದಲಿಸಿದ್ದೂ ನೀರಲ್ಲಿ ಹೋಮ.

2019ರಿಂದ ಯುಟಿಎಫ್-8 ಕೊಲೇಶನ್ (ಅಕ್ಷರ ಇಡುವ, ಹೋಲಿಸುವ ನಿಯಮ) ಇದೆ, ಆದರೆ ಕನ್ನಡಕ್ಕೆ ಅದು ಲಾಭವಲ್ಲ. "ಹೆಗಡೆ" ಅನ್ನುವುದು ಐದು ಕೋಡು: ಎನ್‌ವಾರ್‌ಕ್ಯಾರ್‌ನಲ್ಲಿ 10 ಬೈಟ್, ಯುಟಿಎಫ್-8ರಲ್ಲಿ 15. ಅಳತೆ ಕೊಡುವಾಗಲೂ ಲೆಕ್ಕ ಇರಲಿ, "ಶ್ರೀ" ಒಂದಕ್ಕೇ ನಾಲ್ಕು ಜಾಗ ಬೇಕು. ಇನ್ನು ಹೆಸರುಗಳು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರದಂತೆ ಕಂಡರೆ ಅದು ಬೇರೆ ರೋಗ, ಹಳೇ ನುಡಿ ತಂತ್ರಾಂಶದ ಆಸ್ಕಿ (ಯೂನಿಕೋಡ್ ಅಲ್ಲದ) ದತ್ತಾಂಶ. ಅದನ್ನು ಯೂನಿಕೋಡಿಗೆ ಪರಿವರ್ತಿಸಿಯೇ ತುಂಬಬೇಕು.

ಪ್ರಶ್ನೆ (ಶಿರಸಿ): 4095 ಹಾಕಿದೆ, ರೀಸ್ಟಾರ್ಟ್ ಆದಮೇಲೆ 4096 ತೋರಿಸಿತು, ಇನ್‌ಸ್ಟಾಲ್ ಪೂರ್ತಿ ಆಯ್ತು. ರಾತ್ರಿಯ ಬ್ಯಾಕಪ್ಪಿಗೆ ಏಜೆಂಟ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಸರ್ವೀಸ್) ಹುಡುಕಿದರೆ ಕಾಣುತ್ತಿಲ್ಲ.

ಉತ್ತರ: ಎಕ್ಸ್‌ಪ್ರೆಸ್‌ನಲ್ಲಿ ಏಜೆಂಟ್ ಓಡುವುದಿಲ್ಲ. ಬ್ಯಾಕಪ್ ಆಜ್ಞೆಯನ್ನು ಒಂದು ಫೈಲಿನಲ್ಲಿ ಬರೆದು, ವಿಂಡೋಸಿನ ಟಾಸ್ಕ್ ಶೆಡ್ಯೂಲರಿನಿಂದ ಎಸ್‌ಕ್ಯೂಎಲ್‌ಸಿಎಂಡಿ (ಕಮಾಂಡ್ ಪ್ರಾಂಪ್ಟಿನಿಂದ ಆಜ್ಞೆ ಓಡಿಸುವ ಸಾಧನ) ಮೂಲಕ ಓಡಿಸಿ. ಒಂದು ಡೇಟಾಬೇಸಿಗೆ 10 ಜಿಬಿ ಮಿತಿ ಇದೆ, ವರ್ಷಕ್ಕೊಮ್ಮೆಯಾದರೂ ನೋಡಿಕೊಳ್ಳಿ. ಇರುವುದು ಒಂದೇ ಡಿಸ್ಕು ಅಂದಿರಿ, ಬ್ಯಾಕಪ್ ಫೈಲನ್ನು ಅಲ್ಲೇ ಇಟ್ಟು ಮಲಗಬೇಡಿ. ಇನ್ನೊಂದು ಮಷೀನಿಗೆ ನಕಲು ಹೋಗುವ ಸಾಲನ್ನೂ ಅದೇ ಟಾಸ್ಕಿಗೆ ಸೇರಿಸಿ. ಹಾಂ, 2022ರ ಬ್ಯಾಕಪ್ 2019ರಲ್ಲಿ ರಿಸ್ಟೋರ್ ಆಗುವುದಿಲ್ಲ. ಹಳೇ ಸರ್ವರನ್ನು ತುರ್ತಿಗೆ ಇಟ್ಟುಕೊಳ್ಳುವುದಾದರೆ ಅದರಲ್ಲೂ 2022 ಇರಲಿ.